ಕಲಬುರಗಿ ಕಡೆ ಬಸ್ಸು, ರೈಲು, ಟಂಟಂ ಹತ್ತುವವರಿಗೆ: ಯಾವ ಮಾಸ್ಕ್ ಯಾವಾಗ?

"ಈಗ ರೂಲ್ಸ್ ಇಲ್ಲ ಅಲ್ವಾ, ಆದರೂ ಬಸ್ಸಲ್ಲಿ ಮಾಸ್ಕ್ ಬೇಕಾ? ಬೇಕಾದರೆ ಯಾವುದು ತಗೊಳ್ಳಲಿ?" ಈ ಪ್ರಶ್ನೆ ಬೇರೆ ಬೇರೆ ಜನರಿಂದ ಬರುತ್ತಲೇ ಇದೆ. ಕೇಳಿದವರಲ್ಲಿ ಒಬ್ಬರು ಕಲಬುರಗಿಯಿಂದ ಜೇವರ್ಗಿ ಕಡೆಯ ಹಳ್ಳಿ ಶಾಲೆಗೆ ದಿನಾ ಹೋಗಿಬರುವ ಟೀಚರ್. ಇನ್ನೊಬ್ಬರು ತಾಯಿಯನ್ನು ಬೀದರ್‌ನಿಂದ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಗೆ ಕೀಮೋಗೆ ಕರೆತರುವ ಮಗ. ಮತ್ತೊಬ್ಬರು ಯಾದಗಿರಿಯಿಂದ ಜನರಲ್ ಬೋಗಿಯಲ್ಲಿ ಮುಂಬೈಗೆ ದುಡಿಯಲು ಹೋಗುವವರು. ಈ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ಸರಿಹೊಂದುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ವಿಷಯ ಮುಗಿಸೋಣ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು ಕೇಂದ್ರ ಸರ್ಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಲು ಶುರು ಮಾಡಿತು. ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯ್ದೆಯೂ ಆಯಿತು. ಮಾಸ್ಕ್ ಇಲ್ಲದಿದ್ದರೆ ದಂಡ ಹಾಕಿದ್ದು ಅದರ ಬಲದ ಮೇಲೆಯೇ. ದಂಡವನ್ನು ಪಾಲಿಕೆ ವ್ಯಾಪ್ತಿಯಲ್ಲಿ 1,000 ರೂಪಾಯಿ, ಉಳಿದ ಕಡೆ 500 ಅಂತ ಒಮ್ಮೆ ಏರಿಸಿದ್ದರು. ಜನ ಸಿಟ್ಟಾದರು. 2020ರ ಅಕ್ಟೋಬರ್‌ನಲ್ಲಿ ಅದನ್ನು 250 ಮತ್ತು 100ಕ್ಕೆ ಇಳಿಸಿದರು. ರೈಲ್ವೆಯದು ಬೇರೆಯೇ ದಾರಿ. 2021ರ ಏಪ್ರಿಲ್‌ನಲ್ಲಿ ಅವರು ತಮ್ಮ 2012ರ ಸ್ವಚ್ಛತಾ ನಿಯಮವನ್ನೇ ಹಿಡಿದು, ನಿಲ್ದಾಣದಲ್ಲಾಗಲಿ ರೈಲಿನಲ್ಲಾಗಲಿ ಮಾಸ್ಕ್ ಇಲ್ಲದಿದ್ದರೆ 500 ರೂಪಾಯಿವರೆಗೆ ದಂಡ ಎಂದರು. ಉಗುಳಿದರೆ ಹಾಕುವ ದಂಡದ ಸಾಲಿಗೇ ಇದನ್ನೂ ಸೇರಿಸಿದ ಹಾಗೆ.

2022ರ ಮಾರ್ಚ್ 31ಕ್ಕೆ ವಿಪತ್ತು ಕಾಯ್ದೆಯಡಿಯ ಕೇಂದ್ರದ ಆದೇಶಗಳು ಮುಗಿದವು. ಆ ನವೆಂಬರ್‌ನಲ್ಲಿ ವಿಮಾನದಲ್ಲೂ ಮಾಸ್ಕ್ ಕಡ್ಡಾಯವಲ್ಲ, ಹಾಕಿಕೊಂಡರೆ ಒಳ್ಳೆಯದು ಎಂದರು. 2023ರ ಡಿಸೆಂಬರ್‌ನಲ್ಲಿ ಕೋವಿಡ್‌ನ ಜೆಎನ್.1 ತಳಿ ಬಂದಾಗ ನಮ್ಮ ರಾಜ್ಯ 60 ದಾಟಿದವರಿಗೆ ಮತ್ತು ಬೇರೆ ಕಾಯಿಲೆ ಇರುವವರಿಗೆ ಮಾಸ್ಕ್ ಹಾಕಿ ಎಂದು ಹೇಳಿತು. ಅದು ಸಲಹೆ, ದಂಡದ ಮಾತಿರಲಿಲ್ಲ. ಅಂದರೆ ನಿಯಮ ಹೀಗೆ ಬರುತ್ತದೆ, ಸಲಹೆಯಾಗಿ ಇಳಿಯುತ್ತದೆ, ಮತ್ತೆ ಬರಬಹುದು. ಕಾಯ್ದೆ ಸರ್ಕಾರದ ಕೈಯಲ್ಲೇ ಇದೆ.

ಇದರಲ್ಲಿ ನೀವು ಗಮನಿಸಬೇಕಾದ ಒಂದು ವಿಷಯ ಇದೆ. ನಮ್ಮಲ್ಲಿ ನಿಯಮ ಬಿಗಿಯಾಗಿದ್ದಾಗಲೂ "ಮೂಗು, ಬಾಯಿ ಮುಚ್ಚಿರಬೇಕು" ಅಂತಷ್ಟೇ ಇತ್ತು. ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕೂ ನಡೆಯುತ್ತಿತ್ತು, ಟವೆಲ್ ಸುತ್ತಿಕೊಂಡರೂ ಬಹಳಷ್ಟು ಕಡೆ ಬಿಡುತ್ತಿದ್ದರು. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ದೂರದ ರೈಲುಗಳಲ್ಲಿ ಕೊನೆಗೆ ಎಫ್‌ಎಫ್‌ಪಿ2 (ಎನ್95 ತರಹದ್ದು) ಮಾಸ್ಕೇ ಬೇಕೆಂದು ಕಾನೂನು ಮಾಡಿದ್ದರು, 2023ರ ಫೆಬ್ರವರಿವರೆಗೂ ಅದು ಇತ್ತು. ಆದ್ದರಿಂದ ನಮ್ಮ ಕಡೆ ದಂಡದಿಂದ ಪಾರಾಗುವುದಕ್ಕೆ ಯಾವ ಮಾಸ್ಕ್ ಸಾಕು ಅಂತ ನೋಡಿಕೊಂಡು ಕೊಂಡರೆ ನಿಮ್ಮ ತಾಯಿಗೆ ಅದರಿಂದ ಏನೂ ಪ್ರಯೋಜನ ಆಗದಿರಬಹುದು. ನಿಯಮದ ಲೆಕ್ಕದಲ್ಲಿ ಎಲ್ಲ ಮಾಸ್ಕೂ ಒಂದೇ. ಕೆಲಸದ ಲೆಕ್ಕದಲ್ಲಿ ಅವುಗಳ ನಡುವೆ ತುಂಬಾ ಅಂತರ ಇದೆ.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳುವುದು, ಕಾಪಾಡಬೇಕಾಗಿರುವುದು ಯಾರನ್ನು? ನಿಮಗೇ ಕೆಮ್ಮು ಜ್ವರ ಇದ್ದು ಪಕ್ಕದವರಿಗೆ ಹರಡಬಾರದು ಅಂದರೆ ಒಂದು ಮಾಸ್ಕ್, ಸುತ್ತ ಯಾರೂ ಹಾಕದಿದ್ದರೂ ನಿಮಗೆ ತಗುಲಬಾರದು ಅಂದರೆ ಇನ್ನೊಂದು. ಆಮೇಲೆ ಗಾಡಿ ಯಾವುದು, ಕಿಟಕಿ ತೆರೆದಿರುತ್ತದಾ, ಎಷ್ಟು ಹೊತ್ತು ಕೂರುತ್ತೀರಿ ಅನ್ನುವುದು. ಮೂರನೆಯದು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಮೇಲೆ ಎಷ್ಟೇ ಒಳ್ಳೆಯ ಮಾಸ್ಕ್ ಆದರೂ ಗದ್ದಕ್ಕೆ ಇಳಿದರೆ ಮುಗಿಯಿತು. ನಾಲ್ಕನೆಯದು ತಿಂಗಳ ಖರ್ಚು. ನಮ್ಮ ಭಾಗದಲ್ಲಿ ಇನ್ನೊಂದೂ ಇದೆ, ಧೂಳು. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಫ್ಯಾಕ್ಟರಿಗಳ ಲಾರಿ ಹಿಂದೆ ಬಸ್ಸು ಹೋದರೆ ಅದು ಏನು ಅಂತ ಅಲ್ಲಿಯವರಿಗೆ ನಾನು ಹೇಳಬೇಕಿಲ್ಲ.

ಟವೆಲ್, ದಸ್ತಿ, ಸೆರಗು, ವೇಲ್

ಖರ್ಚಿಲ್ಲ, ಯಾವಾಗಲೂ ಹತ್ತಿರ ಇರುತ್ತದೆ, ಬಿಸಿಗಾಳಿಗೆ ತಲೆಯನ್ನೂ ಮುಚ್ಚುತ್ತದೆ. ದಪ್ಪ ಧೂಳು ತಡೆಯುತ್ತದೆ, ಸೀನಿದಾಗ ಹನಿ ಮುಂದಿನವರ ಕುತ್ತಿಗೆಗೆ ಬೀಳುವುದಿಲ್ಲ. ಇಷ್ಟಕ್ಕೇ ಅದರ ಕೆಲಸ ಮುಗಿಯಿತು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಬಟ್ಟೆಯ ನೂಲಿನ ಸಂದಿಯಲ್ಲೂ, ಬದಿಯ ಸಡಿಲದಲ್ಲೂ ಆರಾಮಾಗಿ ಒಳಗೆ ಬರುತ್ತವೆ. ಬೆವರು ಒರೆಸಿದ ಟವೆಲನ್ನೇ ಬಾಯಿಗೆ ಕಟ್ಟುವುದಂತೂ ಬೇಡ. ಬೇರೆ ಏನೂ ಇಲ್ಲದಾಗ ಇದು ಸರಿ. ಇದು ಇದೆ ಅಂತ ಬೇರೆ ಏನೂ ಕೊಳ್ಳದೆ ಇರಬೇಡಿ.

ಬಟ್ಟೆ ಮಾಸ್ಕ್

ಒಂದೇ ಪದರದ್ದು ಮೇಲೆ ಹೇಳಿದ ದಸ್ತಿಗಿಂತ ಸ್ವಲ್ಪ ಮೇಲು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಮೂರು ಪದರದ್ದು: ಒಳಗೆ ಹತ್ತಿ, ನಡುವೆ ಪಾಲಿಪ್ರೊಪಿಲಿನ್, ಹೊರಗೆ ನೀರು ಹೀರದ ಬಟ್ಟೆ. ಅಂಥದ್ದು ಸಿಕ್ಕರೆ ಅಥವಾ ಮನೆಯಲ್ಲೇ ಹೊಲಿದರೆ ತೊಳೆದು ತೊಳೆದು ಬಳಸಬಹುದು. ದುಡ್ಡು ಬಿಗಿ ಇರುವ, ದಿನಾ ಓಡಾಡುವ ಕುಟುಂಬಕ್ಕೆ ಇದು ಮರ್ಯಾದಸ್ಥ ಆಯ್ಕೆಯೇ. ಆದರೆ ದಿನಾ ಸಾಬೂನಿನಲ್ಲಿ ತೊಳೆಯಬೇಕು. ತೊಳೆಯುವ ಶಿಸ್ತು ಇಲ್ಲದವರು, ನೀರು ಎರಡು ದಿನಕ್ಕೊಮ್ಮೆ ಬರುವ ಬಡಾವಣೆಯವರು ಇದನ್ನು ಆರಿಸಿ ಕಷ್ಟಪಡಬೇಡಿ.

ಮೂರು ಪದರದ ಸರ್ಜಿಕಲ್ ಮಾಸ್ಕ್

ನೀಲಿ ಬಣ್ಣದ್ದು, ಮೆಡಿಕಲ್ ಶಾಪಲ್ಲಿ ಬಿಡಿಯಾಗಿಯೂ ಡಬ್ಬಿಯಾಗಿಯೂ ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಇದರ ಬೇಡಿಕೆ ಎಷ್ಟಾಯಿತೆಂದರೆ ಸರ್ಕಾರ ಒಂದಕ್ಕೆ 10 ರೂಪಾಯಿ ಮೀರಬಾರದು ಅಂತ ಮಿತಿ ಹಾಕಬೇಕಾಯಿತು. ಈಗ ಡಬ್ಬಿ ಕೊಂಡರೆ ಅದಕ್ಕಿಂತ ತುಂಬಾ ಕಡಿಮೆಗೇ ಬರುತ್ತದೆ.

ಇದರ ಬಲ ಇರುವುದು ನಡುವಿನ ಪದರದಲ್ಲಿ. ಅದರ ಎಳೆಗಳಲ್ಲಿ ವಿದ್ಯುತ್ ಅಂಶ ಇರುವುದರಿಂದ ಸಣ್ಣ ಕಣಗಳನ್ನು ಎಳೆದು ಹಿಡಿಯುತ್ತದೆ. ತೊಳೆದರೆ ಆ ಗುಣ ಹೋಗುತ್ತದೆ, ನೋಡಲು ಮಾಸ್ಕ್ ಚೆನ್ನಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಅದಕ್ಕೇ ತೊಳೆದು ಹಗ್ಗಕ್ಕೆ ಒಣಹಾಕಿದ ನೀಲಿ ಮಾಸ್ಕ್ ಕಂಡರೆ ನನಗೆ ಬೇಸರವಾಗುತ್ತದೆ. ಉಳಿಸಿದ್ದು ಎರಡು ಮೂರು ರೂಪಾಯಿ, ಕಳೆದುಕೊಂಡದ್ದು ಮಾಸ್ಕ್‌ನ ಜೀವ.

ಇದರ ದೊಡ್ಡ ದೋಷ ಬದಿಗಳು. ಕೆನ್ನೆಯ ಹತ್ತಿರ ಬಾಯಿ ಬಿಟ್ಟುಕೊಂಡಿರುತ್ತದೆ, ಉಸಿರು ಎಳೆದಾಗ ಗಾಳಿ ಅಲ್ಲಿಂದಲೇ ಬರುತ್ತದೆ. ಸರಿಮಾಡುವುದು ಸುಲಭ. ಕಿವಿಯ ದಾರವನ್ನು ಮಾಸ್ಕ್‌ನ ಅಂಚಿನ ಹತ್ತಿರವೇ ಗಂಟು ಹಾಕಿ, ಬದಿಯ ಮಡಿಕೆಯನ್ನು ಒಳಗೆ ತಳ್ಳಿ, ಮೂಗಿನ ತಂತಿಯನ್ನು ಎರಡೂ ಕೈ ಬೆರಳಿಂದ ಒತ್ತಿ. ಅಥವಾ ಇದರ ಮೇಲೆ ಒಂದು ಬಟ್ಟೆ ಮಾಸ್ಕ್ ಬಿಗಿಯಾಗಿ ಹಾಕಿಕೊಳ್ಳಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಈ ಎರಡೂ ವಿಧಾನವನ್ನು ಪರೀಕ್ಷೆ ಮಾಡಿ, ಸುಮ್ನೆ ಹಾಕಿಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ತಡೆಯುತ್ತವೆ ಎಂದು ತೋರಿಸಿತು. ಎರಡು ಸರ್ಜಿಕಲ್ ಒಂದರ ಮೇಲೊಂದು ಹಾಕಿದರೆ ಲಾಭ ಇಲ್ಲ, ಬದಿಯ ಸಂದಿ ಹಾಗೇ ಉಳಿಯುತ್ತದೆ.

ನಿಮಗೇ ಕೆಮ್ಮು ಇದ್ದರೆ ಇದು ಸಾಕು, ಹೆಚ್ಚಿನದು ಬೇಡ. ಟಿಬಿ ಚಿಕಿತ್ಸೆ ಈಗಷ್ಟೇ ಶುರುವಾದವರು ಬಸ್ಸಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಲೇಬೇಕಾದರೆ ರೋಗಿಗೆ ಸರ್ಜಿಕಲ್, ಜೊತೆಗೆ ಹೋಗುವವರಿಗೆ ಎನ್95. ಬಹಳ ಮನೆಗಳಲ್ಲಿ ಇದನ್ನು ತಿರುವುಮುರುವು ಮಾಡುತ್ತಾರೆ, ಕಾಯಿಲೆಯವರಿಗೆ ದುಬಾರಿಯದ್ದು ಕೊಟ್ಟು ತಾವು ಏನೂ ಹಾಕದೆ ಪಕ್ಕದಲ್ಲೇ ಕೂರುತ್ತಾರೆ.

ಎನ್95, ಎಫ್‌ಎಫ್‌ಪಿ2

ಸುತ್ತ ಯಾರೂ ಹಾಕದಿರುವ ಬೋಗಿಯಲ್ಲಿ ನಿಮ್ಮನ್ನು ನಿಜವಾಗಿ ಕಾಪಾಡುವುದು ಇದೊಂದೇ. ಸಣ್ಣ ಕಣಗಳಲ್ಲಿ ಕನಿಷ್ಠ 95 ಶೇಕಡಾ ತಡೆಯಬೇಕು ಅನ್ನುವುದು ಎನ್95ಗೆ ಇರುವ ಷರತ್ತು, ಎಫ್‌ಎಫ್‌ಪಿ2ಗೆ 94. ನಮ್ಮ ದೇಶದ ಮಾನದಂಡ ಐಎಸ್ 9473, ಅದರಲ್ಲಿ ಎಫ್‌ಎಫ್‌ಪಿ1, 2, 3 ಅಂತ ಮೂರು ದರ್ಜೆ. ಸಿಮೆಂಟ್ ಧೂಳಿಗೂ, ಬೇಳೆ ಮಿಲ್ಲಿನ ಹೊಟ್ಟಿನ ಧೂಳಿಗೂ ಇದೇ ಸರಿ, ಮಿಲ್ಲಿಗೆ ದಿನಾ ಹೋಗುವವರು ದಾರಿಗೂ ಕೆಲಸಕ್ಕೂ ಒಂದೇ ಜಾತಿಯದ್ದು ಕೊಂಡರಾಯಿತು.

ಬಜಾರಿನಲ್ಲಿ ಎನ್95 ಅಂತ ಬರೆದು ಮಾರುವುದೆಲ್ಲ ಎನ್95 ಅಲ್ಲ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕವರಲ್ಲಿ ಹತ್ತು ಬಣ್ಣದಲ್ಲಿ ಸಿಗುವುದನ್ನು ನಾನಂತೂ ನಂಬುವುದಿಲ್ಲ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 9473, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಆ ನಂಬರನ್ನು ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದರೆ ಕಂಪನಿ ಹೆಸರು ಬರುತ್ತದೆ, ಪ್ಯಾಕೆಟ್ ಮೇಲಿನದಕ್ಕೆ ತಾಳೆಯಾಗಬೇಕು. ಅಂಗಡಿಯಲ್ಲೇ ನಿಂತು ಮಾಡಬಹುದಾದ ಕೆಲಸ ಇದು.

ಮುಂದೆ ಗುಂಡನೆಯ ವಾಲ್ವ್ ಇರುವುದು ಬೇಡ. ಉಸಿರು ಬಿಡುವುದು ಸುಲಭ, ಹಾಗಾಗಿ ಬಿಸಿಲಿಗೆ ಅದೇ ಒಳ್ಳೆಯದು ಅನಿಸುತ್ತದೆ. ಆದರೆ ನೀವು ಬಿಡುವ ಗಾಳಿ ಸೋಸದೆ ಹೊರಗೆ ಹೋಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜುಲೈನಲ್ಲೇ ರಾಜ್ಯಗಳಿಗೆ ಪತ್ರ ಬರೆದು ಇದರ ಬಗ್ಗೆ ಎಚ್ಚರಿಸಿತ್ತು. ಬರೀ ಧೂಳಿಗಾಗಿ ಬೈಕಿನಲ್ಲಿ ಹೋಗುವವರು ವಾಲ್ವ್ ಇರುವುದನ್ನು ಬಳಸಿಕೊಳ್ಳಲಿ, ಬಸ್ಸಿಗೆ ಬೇಡ.

ದಾರ ಕಿವಿಗೆ ಹಾಕುವುದಾ, ತಲೆಯ ಹಿಂದಕ್ಕಾ? ತಲೆಯ ಹಿಂದಿನದು ಬಿಗಿಯಾಗಿ ಕೂರುತ್ತದೆ, ಕಿವಿಯದ್ದು ಹಾಕಿ ತೆಗೆಯಲು ಸುಲಭ ಆದರೆ ಸಡಿಲ. ತಲೆಗೆ ಸೆರಗು ಹೊದ್ದವರಿಗೂ ರುಮಾಲು ಸುತ್ತಿದ ಹಿರಿಯರಿಗೂ ತಲೆಯ ದಾರ ಕಿರಿಕಿರಿ ಅನ್ನುವುದು ನಿಜ. ಅವರಿಗೆ ಕಿವಿಯದ್ದೇ ಕೊಡಿ. ಹಾಕದೇ ಇರುವುದಕ್ಕಿಂತ ಅದು ಮೇಲು. ದಟ್ಟ ಗಡ್ಡ ಇದ್ದರೆ ಯಾವ ಎನ್95 ಆದರೂ ಬದಿಯಲ್ಲಿ ಸೋರುತ್ತದೆ, ಆಗ ದುಬಾರಿಯದ್ದಕ್ಕೆ ದುಡ್ಡು ಹಾಕುವುದಕ್ಕಿಂತ ಗಂಟು ಹಾಕಿದ ಸರ್ಜಿಕಲ್ ಮೇಲೆ ಬಟ್ಟೆ ಮಾಸ್ಕ್ ಸಾಕು.

ಖರ್ಚಿನ ಬಗ್ಗೆ ಹೆದರುವವರಿಗೆ ಒಂದು ಮಾತು. ಎನ್95 ಒಂದೇ ದಿನಕ್ಕೆ ಎಸೆಯಬೇಕಿಲ್ಲ. ಐದು ಕೊಂಡು, ಸೋಮವಾರದ್ದು ಸೋಮವಾರಕ್ಕೆ, ಮಂಗಳವಾರದ್ದು ಮಂಗಳವಾರಕ್ಕೆ ಅಂತ ಕಾಗದದ ಕವರಲ್ಲಿ ಇಟ್ಟರೆ ಪ್ರತಿಯೊಂದೂ ಒಣಗಲು ವಾರ ಸಿಗುತ್ತದೆ. ಹೀಗೆ ಒಂದೊಂದನ್ನು ನಾಲ್ಕೈದು ಸಲ ಹಾಕಬಹುದು. ಒದ್ದೆಯಾದರೆ, ದಾರ ಸಡಿಲವಾದರೆ, ಒಳಗೆ ಕೊಳೆಯಾದರೆ ಎಸೆಯಿರಿ. ಪ್ಲಾಸ್ಟಿಕ್ ಕವರಲ್ಲಿ ಇಡಬೇಡಿ, ಬೆವರು ಆರುವುದಿಲ್ಲ.

ಗಾಡಿ ನೋಡಿ ತೀರ್ಮಾನಿಸಿ

ಟಂಟಂ, ಕ್ರೂಸರ್‌ನಲ್ಲಿ ಮೊಣಕೈಗೆ ಮೊಣಕೈ ತಗುಲಿಸಿ ಕೂರಿಸುತ್ತಾರೆ. ಆದರೆ ಟಂಟಂ ಎಲ್ಲ ಕಡೆ ತೆರೆದಿರುತ್ತದೆ, ದಾರಿಯೂ ಚಿಕ್ಕದು. ಸೂಪರ್ ಮಾರ್ಕೆಟಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟಕ್ಕೆ ಸರ್ಜಿಕಲ್ ಸಾಕು, ಧೂಳಿಗಾದರೆ ದಸ್ತಿಯೂ ನಡೆಯುತ್ತದೆ. ಮಳೆಗಾಲದಲ್ಲಿ ಪರದೆ ಇಳಿಸಿದಾಗ ಮತ್ತು ಕ್ರೂಸರ್‌ನ ಗಾಜು ಏರಿಸಿದಾಗ ಲೆಕ್ಕ ಬದಲಾಗುತ್ತದೆ.

ಕೆಂಪು ಬಸ್ಸಿನ ವಿಷಯದಲ್ಲಿ ಕಿಟಕಿಯೇ ಅರ್ಧ ಮಾಸ್ಕ್. ಎರಡು ಕಿಟಕಿ ಪೂರ್ತಿ ತೆರೆದಿದ್ದರೆ ಗಾಳಿ ಬದಲಾಗುತ್ತಲೇ ಇರುತ್ತದೆ. ಆದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬೆಳಗಿನ ಬಸ್ಸುಗಳಲ್ಲಿ ರಶ್ ಜಾಸ್ತಿ. ನಮ್ಮ ಹೆಣ್ಣುಮಕ್ಕಳು ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಧೈರ್ಯವಾಗಿ ಹೊರಡುತ್ತಿದ್ದಾರೆ, ಅದು ತುಂಬಾ ಒಳ್ಳೆಯದು. ಜೊತೆಗೆ ನಿಂತು ಹೋಗುವವರ ಸಂಖ್ಯೆಯೂ ಏರಿದೆ. ನಿಂತವರ ಮುಖ ಕೂತವರ ಮುಖದ ಮೇಲೇ ಇರುತ್ತದೆ. ದಿನಾ ಹೋಗುವ ಟೀಚರಿಗೆ ನನ್ನ ಉತ್ತರ: ಸಾಮಾನ್ಯ ದಿನಗಳಲ್ಲಿ ಗಂಟು ಹಾಕಿದ ಸರ್ಜಿಕಲ್, ಹೋಗುವಾಗ ಒಂದು, ಬರುವಾಗ ಒಂದು. 50ರ ಡಬ್ಬಿ ತಿಂಗಳಿಗೆ ಸರಿಹೋಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಜ್ವರ ಹರಡುತ್ತಿದ್ದರೆ, ಚಳಿಗಾಲದ ಬೆಳಗ್ಗೆ ಎಲ್ಲ ಕಿಟಕಿ ಮುಚ್ಚಿದ್ದರೆ ಎನ್95. ಎರಡೂ ಬ್ಯಾಗಿನಲ್ಲಿರಲಿ.

ಕಂಡಕ್ಟರ್ ಜೊತೆ, ಫೋನಿನಲ್ಲಿ ಮಾತಾಡುವಾಗ ಮಾಸ್ಕ್ ಇಳಿಸುವುದು ಎಲ್ಲರ ಅಭ್ಯಾಸ. ಮಾತಾಡುವಾಗಲೇ ಹನಿ ಜಾಸ್ತಿ ಹಾರುವುದು. ಮಾಸ್ಕ್ ಇಳಿಸದೆ ಸ್ವಲ್ಪ ಗಟ್ಟಿಯಾಗಿ "ಅಣ್ಣಾ, ಎರಡು ಜೇವರ್ಗಿ" ಅಂದರೆ ಸಾಕು, ಬೆರಳಲ್ಲಿ ಎರಡು ತೋರಿಸಿದರೂ ಆಯಿತು.

ಬೆಂಗಳೂರಿಗೆ ರಾತ್ರಿ ಹೋಗುವ ಕಲ್ಯಾಣ ರಥದಂಥ ಎಸಿ ಸ್ಲೀಪರ್ ಬೇರೆಯೇ ಕಥೆ. ರಾತ್ರಿಯಿಡೀ ಒಂದೇ ಗಾಳಿ ಬಹುಪಾಲು ಸುತ್ತುತ್ತಿರುತ್ತದೆ, ಕಿಟಕಿ ತೆರೆಯುವ ಹಾಗಿಲ್ಲ. ಪರದೆ ಎಳೆದುಕೊಂಡರೆ ಯಾರೂ ಕಾಣುವುದಿಲ್ಲ, ಗಾಳಿ ಮಾತ್ರ ಎಲ್ಲರದ್ದೂ ಅದೇ. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಹೋಗುತ್ತಿದ್ದರೆ ಇಲ್ಲಿ ಎನ್95ಗೆ ದುಡ್ಡು ಹಾಕಿ. ನಿದ್ದೆಯಲ್ಲಿ ರಾತ್ರಿಯಿಡೀ ಹಾಕಿಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಅಂಥವರಿಗೆ ಎಸಿ ಇಲ್ಲದ, ಕಿಟಕಿ ತೆರೆಯುವ ಸ್ಲೀಪರ್ ಬಸ್ಸೇ ಉತ್ತಮ, ದುಡ್ಡೂ ಉಳಿಯುತ್ತದೆ.

ರೈಲಿನಲ್ಲೂ ಇದೇ ಲೆಕ್ಕ. ಸ್ಲೀಪರ್ ಬೋಗಿಯಲ್ಲಿ ಕಿಟಕಿ ತೆರೆದಿರುತ್ತದೆ. ವಂದೇ ಭಾರತ್, ಎಸಿ ಬೋಗಿಗಳಲ್ಲಿ ಇಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಯಾದಗಿರಿ, ವಾಡಿ, ಕಲಬುರಗಿಯಿಂದ ಮುಂಬೈಗೆ ಹೋಗುವವರಿಗೆ ಕಿಟಕಿ ಇದ್ದರೂ ಜನ ಬಾಗಿಲವರೆಗೆ ನಿಂತಿರುತ್ತಾರೆ, ಶೌಚಾಲಯದ ಹತ್ತಿರ ಕೂತವರಿಗೆ ಗಾಳಿಯೇ ಬರುವುದಿಲ್ಲ. ದುಡಿಯಲು ಹೋಗುವ ಅಣ್ಣತಮ್ಮಂದಿರಿಗೆ ನಾನು ಹೇಳುವುದು, ಹೋಗಲು ಒಂದು, ಬರಲು ಒಂದು, ಎರಡು ಒಳ್ಳೆಯ ಎನ್95 ಕೊಳ್ಳಿ. ಜ್ವರ ಬಂದು ಮಲಗಿದರೆ ಹೋಗುವ ಒಂದು ದಿನದ ಕೂಲಿಗಿಂತ ಅದು ಎಷ್ಟೋ ಅಗ್ಗ. ಊಟಕ್ಕೆ ತೆಗೆಯುವುದಿದ್ದರೆ ರೈಲು ನಿಂತಾಗ, ಬಾಗಿಲ ಹತ್ತಿರ ಗಾಳಿ ಬರುವಾಗ ಉಣ್ಣಿ.

ವಿಮಾನದೊಳಗಿನ ಗಾಳಿ ದೊಡ್ಡ ವಿಮಾನಗಳಲ್ಲಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಸುತ್ತುತ್ತದೆ, ಹಾರುವಾಗ ಅಷ್ಟು ಚಿಂತೆ ಬೇಡ. ಸಾಲಿನಲ್ಲಿ ನಿಂತಾಗ, ಹತ್ತಿ ಇಳಿಯುವಾಗ ಹಾಕಿಕೊಳ್ಳಿ.

ಯಾರಿಗೆ ಯಾವುದು ಅನ್ನುವ ಕೊನೆಯ ಗೊಂದಲ

ಕೀಮೋಗೆ ಬರುವ ತಾಯಿಗೆ ಎನ್95 ಕೊಡಿ ಅನ್ನುವುದು ನನ್ನ ಮೊದಲ ಉತ್ತರ, ಏಕೆಂದರೆ ಕೀಮೋದಲ್ಲಿ ರೋಗ ತಡೆಯುವ ಶಕ್ತಿ ಕುಸಿದಿರುತ್ತದೆ. ಆದರೆ ಬೀದರ್‌ನಿಂದ ಕಲಬುರಗಿ ನೂರು ಕಿಲೋಮೀಟರಿಗಿಂತ ಜಾಸ್ತಿ. ವಾಂತಿ ಬರುವ ಹಾಗಿದ್ದರೆ, ಉಸಿರು ಕಟ್ಟುತ್ತದೆ ಅಂದರೆ ಬಲವಂತ ಮಾಡಬೇಡಿ. ತಾಯಿಗೆ ಕಿಟಕಿ ಸೀಟು ಮತ್ತು ಸರ್ಜಿಕಲ್ ಕೊಟ್ಟು, ಪಕ್ಕದ ಸೀಟಲ್ಲಿ ನೀವೇ ಕೂತು ನೀವೂ ಹಾಕಿಕೊಳ್ಳಿ. 2017ರಿಂದ ಬೀದರ್–ಕಲಬುರಗಿ ರೈಲು ಮಾರ್ಗವೂ ಇದೆ, ಸಮಯ ಹೊಂದಿದರೆ ಬಸ್ಸಿಗಿಂತ ರೈಲಿನಲ್ಲಿ ಅವರಿಗೆ ಜಾಗ, ಗಾಳಿ, ಶೌಚಾಲಯ ಮೂರೂ ಸಿಗುತ್ತದೆ. ಅವರ ಡಾಕ್ಟರನ್ನೂ ಒಮ್ಮೆ ಕೇಳಿ.

ಅಸ್ತಮಾ, ದಮ್ಮು ಇರುವವರಿಗೂ ಇದೇ ಮಾತು. ಮನೆಯಲ್ಲಿ ಅರ್ಧ ಗಂಟೆ ಎನ್95 ಹಾಕಿ ನೋಡಿ, ಆಗಲಿಲ್ಲ ಅಂದರೆ ಸರ್ಜಿಕಲ್. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡವೇ ಬೇಡ, ನಮ್ಮ ಆರೋಗ್ಯ ಇಲಾಖೆಯವರೂ ವಿಶ್ವ ಆರೋಗ್ಯ ಸಂಸ್ಥೆಯವರೂ ಅದನ್ನೇ ಹೇಳಿದ್ದಾರೆ. ಮಗುವನ್ನು ಎತ್ತಿಕೊಂಡವರು ಹಾಕಿಕೊಳ್ಳಲಿ.

ಆರೋಗ್ಯವಾಗಿರುವ ಯುವಕರು, ಮನೆಯಲ್ಲಿ ಹಿರಿಯರಿಲ್ಲ, ಕಿಟಕಿ ತೆರೆದ ಬಸ್ಸು, ಅರ್ಧ ಗಂಟೆ ದಾರಿ ಅಂದರೆ ಹಾಕದಿದ್ದರೂ ನಾನು ತಕರಾರು ಮಾಡುವುದಿಲ್ಲ. ಕೆಮ್ಮು, ನೆಗಡಿ ಇದ್ದ ದಿನ ಮಾತ್ರ ದಯವಿಟ್ಟು ಹಾಕಿಕೊಳ್ಳಿ. ಮುಂದಿನ ಸೀಟಿನಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಹೊರಟಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ, ಡಯಾಲಿಸಿಸ್‌ಗೆ ಹೊರಟವರೂ ಇರಬಹುದು.

ಮತ್ತೆ ಕಡ್ಡಾಯ ಅಂತ ಆದೇಶ ಬಂದರೆ? ಮೇಲಿನ ಯಾವುದನ್ನು ಹಾಕಿದ್ದರೂ ಹಿಂದಿನ ನಿಯಮಗಳ ಪ್ರಕಾರ ನಡೆಯುತ್ತಿತ್ತು, ಮೂಗು ಮುಚ್ಚಿರಬೇಕು ಅಷ್ಟೇ. ಆದರೂ ಹೊಸ ಆದೇಶದಲ್ಲಿ ಯಾವ ಮಾಸ್ಕ್, ಎಲ್ಲೆಲ್ಲಿ, ಎಷ್ಟು ದಂಡ ಅಂತ ಓದಿಕೊಳ್ಳಿ. ರಾಜ್ಯದ ಆದೇಶ ಬಸ್ಸಿಗೆ, ರೈಲಿಗೆ ರೈಲ್ವೆಯದ್ದು, ವಿಮಾನಕ್ಕೆ ಇನ್ನೊಂದು. ಹೈದರಾಬಾದ್, ಸೊಲ್ಲಾಪುರಕ್ಕೆ ಆಸ್ಪತ್ರೆಗೆ ಹೋಗುವವರು ಗಡಿ ದಾಟಿದ ಮೇಲೆ ಅಲ್ಲಿನ ಸರ್ಕಾರದ ಆದೇಶ ನೋಡಬೇಕು. ದಂಡ ಕಟ್ಟಿದರೆ ರಶೀದಿ ಕೇಳಿ ತಗೊಳ್ಳಿ.